ಪ್ರತಿ ಭಾನುವಾರ ಎದುರು ಸಿಗುವವರನ್ನು ಕ್ಷಮಿಸುವುದು ಹೇಗೆ?

ಕ್ಷಮಿಸಬೇಕು ಅಂತ ನಮಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಚರ್ಚಿನ ಪೂಜೆಯಲ್ಲಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತ ಶುರು ಮಾಡುತ್ತೇವೆ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಹಾಗೆ ಅನ್ನುವ ಸಾಲಿಗೆ ಬರುತ್ತೇವೆ, ಸರಿಯಾಗಿ ಅದೇ ಹೊತ್ತಿಗೆ ಎರಡು ಬೆಂಚು ಮುಂದೆ ಆ ಮನುಷ್ಯನ ಬೆನ್ನು ಕಾಣುತ್ತದೆ. ದನಿ ತಾನಾಗೇ ಇಳಿಯುತ್ತದೆ. ಮತ್ತಾಯನ 6ನೇ ಅಧ್ಯಾಯ ತೆಗೆದು ನೋಡಿ. ಪ್ರಾರ್ಥನೆ ಕಲಿಸಿ ಮುಗಿಸಿದ ಮೇಲೆ ಯೇಸುಸ್ವಾಮಿ ಅದರಲ್ಲಿನ ಒಂದೇ ಒಂದು ಮಾತಿಗೆ ವಾಪಸ್ ಬರುತ್ತಾರೆ. ನೀವು ಕ್ಷಮಿಸದಿದ್ದರೆ ತಂದೆಯೂ ನಿಮ್ಮನ್ನು ಕ್ಷಮಿಸುವುದಿಲ್ಲ ಅಂತ. ಆಹಾರದ ಬಗ್ಗೆ, ಶೋಧನೆಯ ಬಗ್ಗೆ ಹೀಗೆ ಮತ್ತೆ ವಿವರಿಸಲು ಹೋಗಲೇ ಇಲ್ಲ.

ಬೆಂಗಳೂರಿನಲ್ಲಿದ್ದರೆ ಇನ್ನೊಂದು ಚರ್ಚಿಗೆ ಹೋಗಿಬಿಡಬಹುದು. ನಮ್ಮ ಮಲೆನಾಡಿನ ಮೂಡಿಗೆರೆ, ಸಕಲೇಶಪುರ, ಆಲ್ದೂರು ಕಡೆ ಅದು ಆಗುವುದಿಲ್ಲ. 1963ರಲ್ಲಿ ಶುರುವಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ, ಅಂದರೆ ಇಲ್ಲಿನ ಕಥೋಲಿಕ ಬಿಷಪ್ಪರ ವ್ಯಾಪ್ತಿಗೆ, ಹಾಸನವೂ ಸೇರಿ ಎರಡು ಜಿಲ್ಲೆ ಬರುತ್ತದೆ, ನಿಜ, ಆದರೆ ನಿಮ್ಮ ಊರಿಗೆ ಇರುವುದು ಒಂದೇ ಚರ್ಚು. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟ್) ಸಭೆಯವರಿಗೂ ಇದೇ ಕಥೆ. ಮಾತು ಬಿಟ್ಟವರೇ ಸಂತೆಯಲ್ಲಿ ಸಿಗುತ್ತಾರೆ, ಬಸ್ಸಿನಲ್ಲಿ ಪಕ್ಕದಲ್ಲೇ ಕೂರುತ್ತಾರೆ, ಸಾವಿನ ಮನೆಯಲ್ಲಿ ಎದುರಾಗುತ್ತಾರೆ. ಹಾಗಾಗಿ ನಮ್ಮ ಕಡೆ ಕ್ಷಮೆ ಅನ್ನುವುದು ಬರೀ ಮನಸ್ಸಿನೊಳಗಿನ ವ್ಯವಹಾರವಾಗಿ ಉಳಿಯುವುದಿಲ್ಲ. ಎಲ್ಲಿ ನಿಲ್ಲಬೇಕು, ಏನು ಮಾತಾಡಬೇಕು, ಹಬ್ಬಕ್ಕೆ ತಿಂಡಿ ತಟ್ಟೆ ಕಳಿಸಬೇಕಾ ಬೇಡವಾ, ಇದೆಲ್ಲಾ ತೀರ್ಮಾನ ಆಗಬೇಕು. ಅದಕ್ಕೇ ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಮುಂದೆ ಓದುವ ಮುಂಚೆ ಒಂದು ಮಾತು. ಮನೆಯಲ್ಲಿ ಈಗಲೂ ಹೊಡೆತ ಬೀಳುತ್ತಿದ್ದರೆ, ಯಾರಾದರೂ ಬೆದರಿಸುತ್ತಿದ್ದರೆ, ಮಗುವಿಗೆ ಯಾರಾದರೂ ಕೆಟ್ಟದ್ದು ಮಾಡಿದ್ದರೆ, ನಿಮ್ಮ ಮೊದಲ ಹೆಜ್ಜೆ ಕ್ಷಮೆ ಅಲ್ಲ. ಮೊದಲು ಅಲ್ಲಿಂದ ಹೊರಗೆ ಬನ್ನಿ. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. ‘ಕ್ರೈಸ್ತಳಾಗಿ ಸಹಿಸಿಕೋಬೇಕಮ್ಮಾ’ ಅಂತ ಬುದ್ಧಿ ಹೇಳುವವರ ಮಾತು ಕೇಳಿ ಅಲ್ಲೇ ಕೂರಬೇಡಿ. ಕ್ಷಮೆಯ ವಿಷಯ ಆಮೇಲೆ ನೋಡಿಕೊಳ್ಳೋಣ.

ಹಂತ 1: ಏನಾಯಿತು ಅಂತ ಬರೆಯಿರಿ

ಒಂದು ಹಾಳೆ ಸಾಕು. ಯಾರು, ಯಾವಾಗ, ಏನು ಮಾಡಿದರು, ಏನು ಅಂದರು. ದುಡ್ಡಾದರೆ ಎಷ್ಟು, ಜಾಗವಾದರೆ ಎಷ್ಟು ಗುಂಟೆ. ‘ಅವನು ನಮ್ಮನ್ನ ಹಾಳು ಮಾಡಿದ’ ಅಂತ ಬರೆದರೆ ಕೆಲಸಕ್ಕೆ ಬಾರದು. ಚೀಟಿ ದುಡ್ಡು ತಗೊಂಡು ಉಳಿದ ಕಂತು ಕಟ್ಟಲಿಲ್ಲ, ಕೇಳೋಕೆ ಹೋದಾಗ ಅಪ್ಪನ ಎದುರು ‘ಯಾವ ದುಡ್ಡು’ ಅಂದ. ಹೀಗೆ ಬರೆಯಿರಿ.

ಇದು ಯಾಕೆ ಅಂದರೆ, ನಮ್ಮಲ್ಲಿ ಎರಡು ಚಾಳಿ ಇದೆ. ಕೆಲವರು ಪರವಾಗಿಲ್ಲ ಬಿಡಿ ಅಂತ ಮುಚ್ಚಿಬಿಡುತ್ತಾರೆ, ಒಳಗೆ ಕುದಿಯುತ್ತಲೇ ಇರುತ್ತದೆ. ಇನ್ನು ಕೆಲವರು ಪ್ರತಿ ಸಲ ಹೇಳುವಾಗ ಸ್ವಲ್ಪ ಸೇರಿಸುತ್ತಾರೆ, ಐದು ವರ್ಷದಲ್ಲಿ ಅದು ಬೇರೆಯದೇ ಕಥೆ ಆಗಿರುತ್ತದೆ. ಬರೆದಾಗ ಎರಡೂ ಸಿಕ್ಕಿಬೀಳುತ್ತವೆ. ನೀವು ಅಂದಾಜು ಮಾಡಿಕೊಂಡದ್ದನ್ನೆಲ್ಲ ಒಂದು ಗೆರೆ ಎಳೆದು ಕೆಳಗೆ ಬರೆಯಿರಿ: ‘ಅವಳೇ ಅತ್ತೆಗೆ ಚಾಡಿ ಹೇಳಿರಬೇಕು’, ‘ಬೇಕು ಅಂತಲೇ ನಮ್ಮನ್ನು ಕರೆದಿಲ್ಲ’. ಗೆರೆಯ ಕೆಳಗೆ ಇರುವುದು ಎಷ್ಟೋ ಸಲ ಮೇಲಿನದಕ್ಕಿಂತ ಜಾಸ್ತಿ ಇರುತ್ತದೆ.

ಆ ಹಾಳೆ ಯಾರಿಗೂ ಕಳಿಸೋಕೆ ಅಲ್ಲ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗಂತೂ ಅಲ್ಲವೇ ಅಲ್ಲ. ದೇವರ ಮುಂದೆ ಇಟ್ಟು, ಸಿಟ್ಟಿದ್ದರೆ ಸಿಟ್ಟಿನಲ್ಲೇ ಹೇಳಿ. ಹೀಗೆ ಪ್ರಾರ್ಥನೆ ಮಾಡಬಹುದಾ ಅಂತ ಅನುಮಾನ ಬಂದರೆ 55ನೇ ಕೀರ್ತನೆ ಓದಿ. ಬೈದದ್ದು ವೈರಿಯಾಗಿದ್ದರೆ ತಾಳಿಕೊಳ್ಳಬಹುದಿತ್ತು, ಆದರೆ ನೀನು, ನನ್ನ ಜೊತೆ ದೇವರ ಮನೆಗೆ ಬರುತ್ತಿದ್ದ ಗೆಳೆಯ ಅಂತ ಆ ಕೀರ್ತನೆಕಾರ ನೇರವಾಗಿ ಗೋಳಾಡುತ್ತಾನೆ. 109ನೇ ಕೀರ್ತನೆ ಇನ್ನೂ ಖಾರ. ಇವೂ ಬೈಬಲ್ಲಿನಲ್ಲೇ ಇರುವ ಪ್ರಾರ್ಥನೆಗಳು.

ಹಂತ 2: ಸಾಲವನ್ನು ಸಾಲ ಅಂತ ಒಪ್ಪಿಕೊಳ್ಳಿ

ಮತ್ತಾಯ 18ರಲ್ಲಿ ಯೇಸುಸ್ವಾಮಿ ಹೇಳಿದ ಸಾಮತಿ, ಅಂದರೆ ನೀತಿಕಥೆ, ನಮಗೆಲ್ಲ ಗೊತ್ತು. ರಾಜನಿಗೆ ಒಬ್ಬ ಆಳು ಹತ್ತು ಸಾವಿರ ತಲಾಂತು ಕೊಡಬೇಕಿತ್ತು, ರಾಜ ಪೂರ್ತಿ ಬಿಟ್ಟುಬಿಟ್ಟ. ಅದೇ ಆಳು ಹೊರಗೆ ಬಂದು ತನಗೆ ನೂರು ದಿನಾರಿ ಕೊಡಬೇಕಾಗಿದ್ದವನ ಕುತ್ತಿಗೆ ಹಿಡಿದ. ಚರ್ಚಿನ ಪ್ರಸಂಗದಲ್ಲಿ ಸಾಮಾನ್ಯವಾಗಿ ಆ ನೂರು ದಿನಾರಿಯನ್ನು ಚಿಲ್ಲರೆ ಕಾಸು ಅನ್ನುವ ಹಾಗೆ ಹೇಳಿಬಿಡುತ್ತಾರೆ. ಅದು ಚಿಲ್ಲರೆ ಅಲ್ಲ. ಒಂದು ದಿನಾರಿ ಅಂದರೆ ಆಗಿನ ಕಾಲದ ಒಬ್ಬ ಕೂಲಿಯವನ ಒಂದು ದಿನದ ಸಂಬಳ. ನೂರು ದಿನದ ಕೂಲಿ ಅಂದರೆ ನವೆಂಬರಿನಲ್ಲಿ ಅರೇಬಿಕಾ ಹಣ್ಣು ಕೊಯ್ಯೋಕೆ ಶುರು ಮಾಡಿದವರು ರೋಬಸ್ಟಾ ಕೊಯ್ಲಿನ ತನಕ ದುಡಿದದ್ದು. ಲೈನು ಮನೆಯಲ್ಲಿ (ತೋಟದ ಕೂಲಿಯವರ ಸಾಲು ಮನೆ) ಇರುವ ಯಾರನ್ನಾದರೂ ಕೇಳಿ, ಒಂದು ಸೀಸನ್ನಿನ ದುಡ್ಡು ಹೋದರೆ ಏನಾಗುತ್ತದೆ ಅಂತ.

ಅಂದರೆ ನಿಮಗೆ ಆಗಿರುವ ನಷ್ಟ ಸಣ್ಣದು ಅಂತ ಯೇಸುಸ್ವಾಮಿ ಹೇಳುತ್ತಿಲ್ಲ. ಇನ್ನೊಂದು ಕಡೆಯ ಲೆಕ್ಕ ನೋಡಿ: ಒಂದು ತಲಾಂತಿಗೆ ಸುಮಾರು 6,000 ದಿನಾರಿ, ಹತ್ತು ಸಾವಿರ ತಲಾಂತು ಅಂದರೆ 6 ಕೋಟಿ ದಿನದ ಕೂಲಿ. ಇದು ಯಾರೂ ತೀರಿಸುವ ಸಾಲ ಅಲ್ಲ. ದೇವರು ನನಗೆ ಬಿಟ್ಟದ್ದು ಅಷ್ಟು, ನಾನು ಬಿಡಬೇಕಾದ್ದು ನೂರು ದಿನದ್ದು, ಆದರೆ ಆ ನೂರು ದಿನವೂ ನಿಜವಾದದ್ದೇ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡರೆ ಮಾತ್ರ ಮುಂದಿನ ಹಂತಕ್ಕೆ ಹೋಗಬಹುದು ಅಂತ ನನ್ನ ಅನಿಸಿಕೆ. ‘ಅದೇನು ದೊಡ್ಡ ವಿಷಯ’ ಅಂತ ತಾವೇ ಕಡಿಮೆ ಮಾಡಿಕೊಂಡು ಕ್ಷಮಿಸಿದವರಿಗೆ ಅದು ಮತ್ತೆ ಮತ್ತೆ ಮೇಲೆದ್ದು ಬರುತ್ತದೆ.

ಹಂತ 3: ಹೆಸರು ಹಿಡಿದು ಹೇಳಿ

ಇದು ಚಿಕ್ಕ ಹಂತ, ಐದು ನಿಮಿಷದ್ದು. ಒಬ್ಬರೇ ಇರುವಾಗ, ಬಾಯಿ ಬಿಟ್ಟು ಹೇಳಿ: ‘ದೇವರೇ, ಇಂಥವರು ನನಗೆ ಹೀಗೆ ಮಾಡಿದರು. ಇದಕ್ಕೆ ಸೇಡು ತೀರಿಸುವ ಹಕ್ಕನ್ನು ನಾನು ನಿನ್ನ ಕೈಗೆ ಬಿಡುತ್ತೇನೆ.’ ರೋಮನರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಪೌಲ ಹೇಳುವುದು ಇದನ್ನೇ, ಸೇಡು ದೇವರಿಗೆ ಬಿಡಿ ಅಂತ.

ಹೇಳಿದ ತಕ್ಷಣ ಹಗುರ ಅನಿಸಬೇಕು ಅಂತ ಕಾಯಬೇಡಿ. ಕೆಲವರಿಗೆ ಅನಿಸುತ್ತದೆ, ಬಹಳ ಜನಕ್ಕೆ ಏನೂ ಅನಿಸುವುದಿಲ್ಲ. ಮಾರನೇ ದಿನ ಅವರ ಜೀಪು ಮನೆ ಮುಂದೆ ಹೋದರೆ ಮತ್ತೆ ಹೊಟ್ಟೆ ಉರಿಯುತ್ತದೆ. ಹಾಗಂತ ನಿನ್ನೆ ಹೇಳಿದ್ದು ಸುಳ್ಳಾಗಲಿಲ್ಲ. ಮತ್ತೆ ಹೇಳಿ. ಶಿಷ್ಯ ಪೇತ್ರ ಏಳು ಸಲ ಕ್ಷಮಿಸಿದರೆ ಸಾಕಾ ಅಂತ ಕೇಳಿದಾಗ ಯೇಸುಸ್ವಾಮಿಯಿಂದ ಏಳೆಪ್ಪತ್ತು ಸಲ ಅಂತ ಉತ್ತರ ಬಂತಲ್ಲ, ಅದು ಒಂದೇ ತಪ್ಪು ಏಳೆಪ್ಪತ್ತು ಸಲ ನೆನಪಾದರೂ ಲಾಗೂ ಆಗುತ್ತದೆ.

ಹಂತ 4: ಆ ಕಥೆ ಹೇಳುವುದನ್ನು ನಿಲ್ಲಿಸಿ

ನನ್ನ ಪ್ರಕಾರ ಇದೇ ಕಷ್ಟದ್ದು. ಇದನ್ನು ಯಾರೂ ಹೇಳಿಕೊಡುವುದೂ ಇಲ್ಲ. ನಾವು ಪ್ರಾರ್ಥನೆಯಲ್ಲಿ ಕ್ಷಮಿಸಿ, ಕಾಫಿ ಕಣದ ಹತ್ತಿರ ನಿಂತು ಅದೇ ಕಥೆ ಮತ್ತೆ ಹೇಳುತ್ತೇವೆ. ಕೇಳುವವರು ‘ಅಯ್ಯೋ ಹೌದಾ’ ಅನ್ನುತ್ತಾರೆ, ನಮಗೂ ಒಂಥರಾ ಸಮಾಧಾನ ಆಗುತ್ತದೆ, ಮನೆಗೆ ಬರುವ ಹೊತ್ತಿಗೆ ಸಿಟ್ಟು ಹೊಸದಾಗಿರುತ್ತದೆ.

ತಪಸ್ಸುಕಾಲದಲ್ಲಿ ಮಾಂಸ ಬಿಡುತ್ತೇವಲ್ಲ, ಒಂದು ವರ್ಷ ಇದನ್ನು ಬಿಟ್ಟು ನೋಡಿ. ವಿಭೂತಿ ಬುಧವಾರದಿಂದ ಈಸ್ಟರ್ ತನಕ ಆ ವ್ಯಕ್ತಿಯ ವಿಷಯ ಯಾರ ಹತ್ತಿರವೂ ಎತ್ತುವುದಿಲ್ಲ ಅಂತ. ಮಾಂಸ ಬಿಡುವುದೇ ಸುಲಭ ಅನಿಸುತ್ತದೆ, ನೋಡುತ್ತಿರಿ. ಪೂರ್ತಿ ಬಾಯಿ ಕಟ್ಟಿಕೊಂಡಿರಿ ಅಂತಲ್ಲ, ಒಬ್ಬರಿಗೆ ಹೇಳಿ. ಮಾತು ಹೊರಗೆ ಹೋಗದ ಒಬ್ಬರು, ನಿಮ್ಮ ತಪ್ಪಿದ್ದರೆ ಅದನ್ನೂ ಹೇಳುವವರು. ಅವರ ವಾಟ್ಸಾಪ್ ಸ್ಟೇಟಸ್ ನೋಡಿ ನೋಡಿ ಉರಿದುಕೊಳ್ಳುತ್ತಿದ್ದರೆ ಅದನ್ನು ಮ್ಯೂಟ್ ಮಾಡಿ. ಇದರಲ್ಲಿ ಪಾಪ ಏನೂ ಇಲ್ಲ.

ಹಂತ 5: ಅವರಿಗೋಸ್ಕರ ಪ್ರಾರ್ಥಿಸಿ, ನಿರ್ದಿಷ್ಟವಾಗಿ

‘ದೇವರೇ, ಅವರಿಗೆ ಒಳ್ಳೇ ಬುದ್ಧಿ ಕೊಡು’ ಅನ್ನುವುದು ಪ್ರಾರ್ಥನೆ ಅಲ್ಲ, ಬೈಗುಳ. ಅವರಿಗೆ ನಿಜವಾಗಿ ಏನು ಬೇಕೋ ಅದನ್ನು ಕೇಳಿ. ಮಗಳ ಪಿಯುಸಿ ರಿಸಲ್ಟು, ತಾಯಿಯ ಮಂಡಿ ನೋವು, ಬೋರ್‌ವೆಲ್ಲಿನ ನೀರು.

ನಮ್ಮ ಮನೆಗೂ ಪಕ್ಕದ ತೋಟದವರಿಗೂ ಗಡಿಯಲ್ಲಿದ್ದ ಸಿಲ್ವರ್ ಮರಗಳ ವಿಷಯಕ್ಕೆ ಕೆಟ್ಟಿತ್ತು. ಕಾಳುಮೆಣಸಿನ ಬಳ್ಳಿ ಹಬ್ಬಿದ್ದ ಮರಗಳನ್ನು ನಮ್ಮನ್ನು ಒಂದು ಮಾತು ಕೇಳದೆ ಕಡಿಸಿದ್ದರು. ಕಾಫಿ ಬೆಳೆಯುವವರಿಗೆ ಗೊತ್ತು, ಮಾರ್ಚ್ ಏಪ್ರಿಲ್‌ನಲ್ಲಿ ಹೂ ಮಳೆ ಅನ್ನುವುದು ಎಂಥಾ ಪರೀಕ್ಷೆ ಅಂತ. ರಸ್ತೆಯ ಆಚೆ ಬರುತ್ತದೆ, ಈಚೆ ಬರುವುದಿಲ್ಲ. ಆ ವರ್ಷ ಅವರಿಗೆ ಒಂದು ಇಂಚು ಹತ್ತು ಸೆಂಟು (ಇಂಚಿಗೆ ನೂರು ಸೆಂಟು) ಬಿತ್ತು, ನಮ್ಮ ಮಳೆ ಮಾಪಕದಲ್ಲಿ ಇಪ್ಪತ್ತು ಸೆಂಟು, ಹೂ ಅರಳೋಕೂ ಸಾಲದಷ್ಟು. ಅಪ್ಪ ಮಾಪಕದ ನೀರನ್ನು ಅಂಗಳಕ್ಕೆ ಚೆಲ್ಲಿ ಒಳಗೆ ಹೋಗಿ ಕೂತರು. ಅಮ್ಮ ಮಾತ್ರ ರಾತ್ರಿ ಜಪಸರ ಆದ ಮೇಲೆ, ಹಲ್ಲು ಕಚ್ಚಿಕೊಂಡೇ, ‘ನಮಗೂ ಮಳೆ ಕೊಡು, ಅವರಿಗೆ ಬ್ಯಾಕಿಂಗ್ ಮಳೆನೂ ಸರಿಯಾಗಿ ಕೊಡು’ ಅಂದರು. ಹೂವಾದ ಮೇಲೆ ಬ್ಯಾಕಿಂಗ್ ಮಳೆ ಬರದಿದ್ದರೆ ಮೊದಲು ಬಂದದ್ದೂ ದಂಡ. ಅಪ್ಪ ಆಮೆನ್ ಅನ್ನಲಿಲ್ಲ. ಆದರೆ ಎದ್ದು ಹೋಗಲೂ ಇಲ್ಲ.

ವೈರಿಗಳನ್ನು ಪ್ರೀತಿಸಿ, ನಿಮ್ಮನ್ನು ಹಿಂಸೆಪಡಿಸುವವರಿಗೋಸ್ಕರ ಪ್ರಾರ್ಥಿಸಿ ಅಂತ ಹೇಳಿದ ಮರು ಮಾತಿನಲ್ಲೇ (ಮತ್ತಾಯ 5:45) ದೇವರು ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುತ್ತಾನೆ ಅಂತ ಇದೆ. ಬೇರೆ ಊರಿನವರಿಗೆ ಅದು ಒಳ್ಳೆಯ ವಾಕ್ಯ ಅಷ್ಟೇ. ನಮ್ಮ ಕಡೆ ಅದು ವರ್ಷದ ಆದಾಯದ ಪ್ರಶ್ನೆ. ಪಕ್ಕದ ತೋಟಕ್ಕೆ ಮಳೆ ಕೇಳೋಕೆ ನಿಮಗೆ ಬಾಯಿ ಬಂದರೆ ಅರ್ಧ ದಾರಿ ಬಂದ ಹಾಗೆ.

ಹಂತ 6: ಮಾತಾಡುವುದಾದರೆ

ಎಲ್ಲಾ ಕ್ಷಮೆಗೂ ಮುಖಾಮುಖಿ ಮಾತು ಬೇಕಾಗಿಲ್ಲ. ತೀರಿಹೋದವರ ಹತ್ತಿರ ಮಾತಾಡೋಕೆ ಆಗುವುದಿಲ್ಲ, ಸತ್ತವರನ್ನೆಲ್ಲ ನೆನೆಯುವ ನವೆಂಬರ್ 2ರಂದು ಅವರ ಹೆಸರಿನಲ್ಲಿ ಪೂಜೆ ಹೇಳಿಸಿ, ಸಮಾಧಿಗೆ ಮೇಣದಬತ್ತಿ ಹಚ್ಚಿ. ಅವರಿಗೆ ಗೊತ್ತೇ ಇಲ್ಲದ ಬೇಸರವನ್ನು ಅವರ ಮನೆಗೆ ಹೋಗಿ ‘ನಿಮ್ಮನ್ನು ಕ್ಷಮಿಸಿದ್ದೀನಿ’ ಅಂತ ಹೇಳುವುದು ಹೊಸ ಜಗಳಕ್ಕೆ ದಾರಿ, ಬಿಟ್ಟುಬಿಡಿ.

ಮಾತಾಡಲೇಬೇಕು ಅನಿಸಿದರೆ ಮತ್ತಾಯ 18:15-17ರಲ್ಲಿ ಕ್ರಮ ಹೇಳಿದೆ. ಮೊದಲು ಇಬ್ಬರೇ. ಆಗಲಿಲ್ಲವಾ, ಒಬ್ಬಿಬ್ಬರನ್ನು ಕರಕೊಂಡು. ಆಗಲೂ ಆಗಲಿಲ್ಲವಾ, ಸಭೆಗೆ. ನಾವು ಮಾಡುವುದು ಉಲ್ಟಾ: ಮೊದಲು ಊರಿಗೆಲ್ಲ ಗೊತ್ತಾಗುತ್ತದೆ, ಆಮೇಲೆ ಫಾದರ್‌ಗೆ, ಕೊನೆಗೆ ಆ ಮನುಷ್ಯನಿಗೆ. ಮದುವೆ ಮನೆಯಲ್ಲಿ ಬೇಡ, ಸಾವಿನ ಮನೆಯಲ್ಲಿ ಬೇಡ, ಒಂದು ಪೆಗ್ ಆದ ಮೇಲೆ ಖಂಡಿತಾ ಬೇಡ, ಕೊಯ್ಲಿನ ಗಲಾಟೆಯಲ್ಲೂ ಬೇಡ. ಮಧ್ಯಾಹ್ನದ ಹೊತ್ತು, ಕೂತು. ಹೀಗೆ ಶುರು ಮಾಡಬಹುದು: ‘ಅಣ್ಣಾ, ಜಗಳಕ್ಕೆ ಬಂದಿಲ್ಲ. ಅಪ್ಪ ತೀರಿಕೊಂಡ ವರ್ಷ ನೀವು ಎಲ್ಲರ ಎದುರು ಆ ಮಾತು ಅಂದ್ರಲ್ಲ, ನನಗೆ ಅದು ಇನ್ನೂ ನೋವಾಗುತ್ತೆ. ಅದನ್ನ ಮನಸ್ಸಲ್ಲಿ ಇಟ್ಟುಕೊಂಡು ಓಡಾಡೋಕೆ ಇಷ್ಟ ಇಲ್ಲ, ಅದಕ್ಕೇ ಬಂದೆ.’ ಒಂದೇ ವಿಷಯ ಹೇಳಿ. ಹತ್ತು ವರ್ಷದ ಪಟ್ಟಿ ಬಿಚ್ಚಬೇಡಿ. ಅವರು ‘ನಾನು ಹಾಗೆ ಅಂದೇ ಇಲ್ಲ’ ಅಂದರೆ ವಾದಕ್ಕೆ ಕೂರಬೇಡಿ, ಕಾಫಿ ಕುಡಿದು ಎದ್ದು ಬನ್ನಿ.

ಮಧ್ಯಸ್ಥರ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಗುರುಗಳಾಗಲಿ, ಸಭಾಪಾಲಕರಾಗಲಿ, ಊರಿನ ಹಿರಿಯರಾಗಲಿ, ಇಬ್ಬರನ್ನೂ ನಿಲ್ಲಿಸಿ ಕೈ ಕುಲುಕಿಸಿ ‘ಮುಗೀತು, ಇನ್ಮೇಲೆ ಆ ವಿಷಯ ಎತ್ತಬೇಡಿ’ ಅಂದರೆ ಅದು ರಾಜಿ ಪಂಚಾಯ್ತಿ. ಒಬ್ಬೊಬ್ಬರ ಮಾತನ್ನೂ ಬೇರೆ ಬೇರೆ ಕೂರಿಸಿ ಕೇಳುವ ತಾಳ್ಮೆ ಇದ್ದವರನ್ನು ಹುಡುಕಿ. ಸಿಗದಿದ್ದರೆ ಆತುರ ಬೇಡ.

ಕಥೋಲಿಕರಾಗಿದ್ದರೆ ಪಾಪನಿವೇದನೆಗೆ ಹೋಗಿ. ಅಲ್ಲಿ ನಿಮ್ಮ ಹಗೆಯನ್ನು ಹೇಳಬೇಕೇ ಹೊರತು ಅವರ ಪಾಪವನ್ನಲ್ಲ. ಕೇಳೋಕೆ ಸುಲಭ, ಮಾಡಿ ನೋಡಿದರೆ ಗೊತ್ತಾಗುತ್ತದೆ.

ಹಂತ 7: ಕ್ಷಮೆ ಬೇರೆ, ಲೆಕ್ಕ ಬೇರೆ, ನಂಬಿಕೆ ಬೇರೆ

ನಮ್ಮ ಹೆಣ್ಣುಮಕ್ಕಳಿಗೆ ಇದು ಗೊತ್ತಿರಬೇಕು. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ತೋಟ ಹಂಚಿಕೊಂಡು, ತಂಗಿ ಕೇಳೋಕೆ ಬಂದರೆ ‘ದಿನಾ ಚರ್ಚಿಗೆ ಹೋಗ್ತೀಯ, ಇಷ್ಟು ಬಿಟ್ಟುಕೊಡೋಕೆ ಆಗಲ್ವಾ, ಸಹಿ ಹಾಕು’ ಅನ್ನುವುದು ನಡೆಯುತ್ತಲೇ ಇದೆ. ಕ್ರೈಸ್ತರಿಗೆ ಅನ್ವಯ ಆಗುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅಪ್ಪ ವಿಲ್ ಬರೆಯದೆ ತೀರಿಕೊಂಡರೆ ಅಮ್ಮನಿಗೆ ಮೂರನೇ ಒಂದು ಪಾಲು, ಉಳಿದದ್ದು ಮಕ್ಕಳಿಗೆ ಸಮನಾಗಿ, ಗಂಡು ಹೆಣ್ಣು ಅನ್ನುವ ಭೇದ ಇಲ್ಲ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ಕ್ಷಮೆಯ ಗುರುತಲ್ಲ. ಬೇಕು ಅಂತ ಬಿಟ್ಟುಕೊಟ್ಟರೆ ಅದು ನಿಮ್ಮ ದೊಡ್ಡತನ, ಯಾರೋ ಬೈಬಲ್ ತೋರಿಸಿ ಬರೆಸಿಕೊಂಡರೆ ಮೋಸ.

ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೆ ಹೋಗುವುದನ್ನು ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯದಲ್ಲಿ ಗದರಿಸುತ್ತಾನೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅಲ್ಲೇ, ನಿಮ್ಮ ನಡುವೆ ತೀರ್ಪು ಹೇಳುವ ಒಬ್ಬ ಬುದ್ಧಿವಂತನೂ ಇಲ್ಲವಾ ಅಂತಲೂ ಕೇಳುತ್ತಾನೆ. ಹಾಗಾಗಿ ಮೊದಲು ಮನೆಯೊಳಗೆ, ಆಮೇಲೆ ಸಭೆಯವರ ಮೂಲಕ ಕೂತು ಮಾತಾಡಿ. ಯಾರೂ ಕಿವಿಗೆ ಹಾಕಿಕೊಳ್ಳದಿದ್ದರೆ ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ. ಕೇಸು ಹಾಕಿದವರು ಮನಸ್ಸಿನಲ್ಲಿ ಹಗೆ ಇಟ್ಟುಕೊಳ್ಳದೇ ಇರಬಹುದು. ಹಾಕದವರೂ ಸಾಯುವ ತನಕ ಹಗೆ ಸಾಧಿಸಬಹುದು.

ಒರಿಸ್ಸಾದ ಮನೋಹರಪುರದಲ್ಲಿ 1999ರ ಜನವರಿಯಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟುಹಾಕಿದರು. ಅವರ ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಅಂದರು, ಬಾರಿಪದದ ಕುಷ್ಠರೋಗಿಗಳ ಸೇವೆಯಲ್ಲೇ ಮುಂದುವರಿದರು. ಕೇಸು ಮಾತ್ರ ನಡೆಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿ ಶಿಕ್ಷೆ ಎತ್ತಿಹಿಡಿಯಿತು. ಎರಡೂ ಒಟ್ಟಿಗೆ ನಡೆದವು. ಮಧ್ಯಪ್ರದೇಶದಲ್ಲಿ 1995ರಲ್ಲಿ ಕೊಲೆಯಾದ ಸಿಸ್ಟರ್ ರಾಣಿ ಮರಿಯಾ ಅವರ ತಂಗಿ ಸಿಸ್ಟರ್ ಸೆಲ್ಮಿ ಪೌಲ್ ಜೈಲಿಗೆ ಹೋಗಿ ಕೊಲೆಗಾರನಿಗೆ ರಾಖಿ ಕಟ್ಟಿದ್ದು 2002ರಲ್ಲಿ. ನಡುವೆ ಏಳು ವರ್ಷ. ಇಂಥ ದೊಡ್ಡ ಉದಾಹರಣೆ ಕೇಳಿದಾಗ ನನಗಂತೂ ಸ್ವಲ್ಪ ಭಯವೇ ಆಗುತ್ತದೆ, ಯಾಕೆಂದರೆ ನಮ್ಮಲ್ಲಿ ಕಳ್ಳನನ್ನು ಕ್ಷಮಿಸುವವರೇ ನಾದಿನಿಯನ್ನು ಕ್ಷಮಿಸುವುದಿಲ್ಲ. ಆದರೆ ಆ ಏಳು ವರ್ಷ ನೋಡಿ ಧೈರ್ಯ ಬರುತ್ತದೆ. ನಾಳೆಯೇ ಆಗಬೇಕು ಅಂತಿಲ್ಲ.

ಇನ್ನು ಒಬ್ಬರನ್ನು ಮತ್ತೆ ನಂಬುವ ವಿಷಯಕ್ಕೆ 2 ತಿಮೊಥೇಯ 4ರ 14ರಿಂದ 16 ಓದಿ. ಕಂಚುಗಾರ ಅಲೆಕ್ಸಾಂಡರ್ ನನಗೆ ಬಹಳ ಕೇಡು ಮಾಡಿದ, ಅವನ ಕೆಲಸಕ್ಕೆ ತಕ್ಕದ್ದನ್ನು ಪ್ರಭು ಕೊಡುತ್ತಾರೆ, ನೀನೂ ಅವನ ವಿಷಯದಲ್ಲಿ ಹುಷಾರಾಗಿರು ಅಂತಾನೆ ಪೌಲ. ಮುಂದಿನ ಸಾಲಿನಲ್ಲೇ, ವಿಚಾರಣೆ ದಿನ ಎಲ್ಲರೂ ನನ್ನ ಕೈಬಿಟ್ಟರು, ಅದು ಅವರ ಲೆಕ್ಕಕ್ಕೆ ಸೇರದೆ ಇರಲಿ ಅಂತಲೂ ಹೇಳುತ್ತಾನೆ. ಒಬ್ಬನ ಬಗ್ಗೆ ಎಚ್ಚರ, ಇನ್ನುಳಿದವರಿಗೆ ಮನ್ನಾ, ಎರಡೂ ಒಂದೇ ಪತ್ರದಲ್ಲಿ. ಆದಿಕಾಂಡದ ಯಾಕೋಬನೂ ಅಷ್ಟೇ. ಜಗಳವಾಗಿ ದೂರವಾಗಿದ್ದ ಅಣ್ಣ ಏಸಾವನನ್ನು ತಬ್ಬಿಕೊಂಡು ಅತ್ತ, ಆದರೆ ಅವನ ಜೊತೆ ಸೇಯೀರಿಗೆ ಹೋಗಲಿಲ್ಲ, ಸುಕ್ಕೋತಿಗೆ ಹೋಗಿ ಬೇರೆ ಮನೆ ಕಟ್ಟಿಕೊಂಡ. ಹಾಗಾಗಿ ಚೀಟಿ ದುಡ್ಡು ಮುಳುಗಿಸಿದವನನ್ನು ಕ್ಷಮಿಸಿ, ಅವನ ಜೊತೆ ಮಾತಾಡಿ, ಆದರೆ ಅವನ ಮುಂದಿನ ಚೀಟಿಗೆ ಸೇರಬೇಡಿ. ಜಾಮೀನು ಹಾಕಲೂಬೇಡಿ.

ಹಂತ 8: ಹಬ್ಬ ಬಂದಾಗ

ಎಲ್ಲಾ ಸರಿಹೋಯಿತು ಅಂದುಕೊಂಡಿರುತ್ತೇವೆ, ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ, ಮರಿಯಮ್ಮನವರ ಹುಟ್ಟುಹಬ್ಬ, ಬರುತ್ತದೆ. ಮನೆಯವರೆಲ್ಲ ಒಟ್ಟಿಗೆ ಕೂತು ಹೊಸ ತೆನೆಯ ಊಟ ಮಾಡಬೇಕು. ಯಾರು ಎಲ್ಲಿ ಕೂರುತ್ತಾರೆ ಅನ್ನುವುದರಿಂದಲೇ ಹಳೆಯದೆಲ್ಲ ಎದ್ದು ಕೂರುತ್ತದೆ. ಮೊದಲೇ ಯೋಚನೆ ಮಾಡಿಟ್ಟುಕೊಳ್ಳಿ. ಎಷ್ಟು ಹೊತ್ತು ಇರುತ್ತೀರಿ, ಯಾವ ವಿಷಯ ಎತ್ತಿದರೆ ಎದ್ದು ಅಡುಗೆಮನೆಗೆ ಹೋಗುತ್ತೀರಿ, ಇದೆಲ್ಲಾ. ನಗೆಯಾಟ ಅನಿಸಬಹುದು, ಆದರೆ ಕೆಲಸ ಮಾಡುತ್ತದೆ.

ಕ್ರಿಸ್ಮಸ್ಸಿಗೆ ಕುಸ್ವಾರ್ ತಟ್ಟೆ, ಅಂದರೆ ಹಬ್ಬದ ತಿಂಡಿಗಳ ತಟ್ಟೆ, ಕಳಿಸಿ. ಕಿಡಿಯೊ, ನೆವ್ರಿ, ಒಂದು ತುಂಡು ಕೇಕು. ಮಕ್ಕಳ ಕೈಯಲ್ಲಿ ಕಳಿಸಿದರೆ ತಿರಸ್ಕರಿಸುವವರು ಕಡಿಮೆ. ತಟ್ಟೆ ಖಾಲಿ ವಾಪಸ್ ಬಂದರೆ ಮುಖ ಊದಿಸಿಕೊಳ್ಳಬೇಡಿ, ಅವರಿಂದಲೂ ಬರಬೇಕು ಅಂತ ಕಳಿಸಿದ್ದಲ್ಲ ತಾನೇ? ಮತ್ತಾಯ 5:23-24ರಲ್ಲಿ ಒಂದು ಸೂಕ್ಷ್ಮ ಇದೆ: ಕಾಣಿಕೆ ಅಲ್ಲೇ ಬಿಟ್ಟು ಹೋಗಿ ರಾಜಿಯಾಗು ಅನ್ನುವುದು ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ. ಹಬ್ಬದ ಹಿಂದಿನ ದಿನ ನಿಮ್ಮ ಮೇಲೆ ಯಾರಿಗೆ ಬೇಸರ ಇದೆ ಅಂತಲೂ ಒಮ್ಮೆ ನೆನಪು ಮಾಡಿಕೊಳ್ಳಿ. ಅಲ್ಲಿಗೂ ಒಂದು ತಟ್ಟೆ ಹೋಗಲಿ.

ಕೊನೆಗೆ, ಎಲ್ಲರೂ ಕೇಳುವ ಪ್ರಶ್ನೆ. ಕ್ಷಮಿಸಿದ ಮೇಲೆ ಅವರ ಮನೆ ಮದುವೆಗೆ ಹೋಗಲೇಬೇಕಾ? ಕರೆದಿದ್ದರೆ ಹೋಗಿ. ಪೂಜೆಗೆ ಕೂತುಕೊಳ್ಳಿ, ಹುಡುಗ ಹುಡುಗಿಗೆ ಕವರ್ ಕೊಡಿ, ಊಟ ಮಾಡಿ ಬನ್ನಿ. ಫ್ಯಾಮಿಲಿ ಫೋಟೋಗೆ ಸ್ಟೇಜಿನ ಮೇಲೆ ನಿಲ್ಲಬೇಕಾ ಅಂದರೆ, ಅದು ಈ ವರ್ಷವೇ ಆಗಬೇಕು ಅಂತ ಏನಿಲ್ಲ.